ಮರದ ಚೌಕಟ್ಟಿನ ಗೋಡೆ: ಉಷ್ಣನಿರೋಧಕ ಪದರ ಮತ್ತು ಒಳಹೊದಿಕೆ – ಮಲೆನಾಡಿನ ಮನೆ ವಿಸ್ತರಣೆಗೆ ಸಂಬಂಧಿಸಿದ ಒಂದು ಅಧ್ಯಯನ ಪಾಠ

ಗ್ರಾಮ ಪಂಚಾಯಿತಿಗಳ ಮಾನ್ಯ ಸದಸ್ಯರ ಅವಗಾಹನೆಗೆ

ಮಲೆನಾಡಿನ ಪಂಚಾಯಿತಿಗಳಿಗೆ ಬರುವ ಕಟ್ಟಡ ಪರವಾನಗಿ ಅರ್ಜಿಗಳಲ್ಲಿ ಹೊಸ ಮನೆಗಳ ಜೊತೆಗೆ ಹಳೆಯ ಮನೆಗೆ ಒಂದು ಕೋಣೆಯನ್ನು ಸೇರಿಸುವ ಅರ್ಜಿಗಳೂ ಇರುತ್ತವೆ. ಮೆಟ್ಟಿಲು ಹತ್ತಲಾಗದ ಹಿರಿಯರಿಗೊಂದು ಮಲಗುವ ಕೋಣೆ, ಮಗನ ಮದುವೆಗೆ ಮುನ್ನ ಮತ್ತೊಂದು ಕೋಣೆ, ಹೋಮ್‌ಸ್ಟೇ ನಡೆಸುವವರಿಗೆ ಅತಿಥಿಗಳ ಕೋಣೆ ಹೀಗೆ ಅಗತ್ಯಗಳು ನಾನಾ ವಿಧ. ಇಳಿಜಾರಿನ ಜಾಗಕ್ಕೆ ಲಾರಿ ಹೋಗುವುದಿಲ್ಲ. ಇಟ್ಟಿಗೆ, ಜಲ್ಲಿಗಳನ್ನು ತಲೆಹೊರೆಯಲ್ಲಿ ಸಾಗಿಸಬೇಕು. ತೋಟದಲ್ಲಿ ಸಿಲ್ವರ್ ಓಕ್ ಮರಗಳು ಬೆಳೆದು ನಿಂತಿವೆ. ಹೀಗಿರುವಾಗ ಮರದ ಚೌಕಟ್ಟು ನಿಲ್ಲಿಸಿ, ಎರಡೂ ಬದಿಗೆ ಬೋರ್ಡ್ ಹೊಡೆದು ಗೋಡೆ ಮಾಡಿಕೊಳ್ಳುವ ಪದ್ಧತಿಯತ್ತ ಜನರು ಹೊರಳುವುದು ಸಹಜವೇ ಆಗಿದೆ.

ಪದ್ಧತಿಯಲ್ಲಿ ದೋಷವಿಲ್ಲ. ಆದರೆ ಅದನ್ನು ಚಳಿದೇಶಗಳ ಕೈಪಿಡಿಗಳನ್ನು ನೋಡಿ ಯಥಾವತ್ತಾಗಿ ಇಲ್ಲಿ ಅನುಸರಿಸಿದಾಗ ಗೋಡೆಯು ಒಳಗಿನಿಂದಲೇ ಕೊಳೆಯುತ್ತದೆ. ಇದನ್ನು ನಾನು ಓದಿ ಹೇಳುತ್ತಿಲ್ಲ. ಈ ಹುದ್ದೆಗೆ ಸೇರುವ ಮುನ್ನ, ಎಂಜಿನಿಯರಿಂಗ್ ಪದವಿ ಮುಗಿದ ಹೊಸತರಲ್ಲಿ, ನನ್ನ ಸೋದರಮಾವನವರ ಮನೆಗೆ ಇಂತಹ ಕೋಣೆಯೊಂದನ್ನು ನಾನೇ ವಿನ್ಯಾಸ ಮಾಡಿದ್ದೆ. ಅಜ್ಜಿಗೆಂದು ಕಟ್ಟಿದ ಕೋಣೆ ಅದು. ಮೂರನೆಯ ಮಳೆಗಾಲದಲ್ಲಿ ಕೋಣೆಯೊಳಗೆ ಮುಗ್ಗಲು ವಾಸನೆ ಬರತೊಡಗಿತು. ಒಳಬೋರ್ಡಿನ ಕೆಳ ಅಂಚಿನಲ್ಲಿ ಕಪ್ಪು ಚುಕ್ಕೆಗಳು ಕಾಣಿಸಿಕೊಂಡವು. ಅಜ್ಜಿಯ ಕೆಮ್ಮು ಹೆಚ್ಚಿತು. ಅದಕ್ಕೆ ವಯಸ್ಸೇ ಕಾರಣವೆಂದು ನಾವೆಲ್ಲರೂ ಭಾವಿಸಿದ್ದೆವು. ದೀಪಾವಳಿಯ ನಂತರ ಬೋರ್ಡ್ ಕಳಚಿ ನೋಡಿದರೆ ಗೋಡೆಯ ತಳಪಟ್ಟಿಯು ನೆನೆದ ರಸ್ಕಿನಂತೆ ಕೈಗೆ ಕಿತ್ತು ಬಂತು. ಆ ಗೋಡೆಯ ಮೇಲೆ ಮಾಡಿನ ಭಾರವಿತ್ತು ಎಂಬುದನ್ನು ಸದಸ್ಯರು ಗಮನಿಸಬೇಕು. ನನ್ನಿಂದ ಆದ ತಪ್ಪುಗಳೇನು ಎಂಬುದನ್ನು ಮುಂದೆ ಆಯಾ ಸ್ಥಳದಲ್ಲಿ ತಿಳಿಸಿದ್ದೇನೆ.

ಗೋಡೆಯ ರಚನೆ

ಮರದ ಚೌಕಟ್ಟಿನ ಗೋಡೆಯೆಂದರೆ ನೆಲದಲ್ಲೊಂದು ತಳಪಟ್ಟಿ, ಮೇಲೊಂದು ಮೇಲ್ಪಟ್ಟಿ, ನಡುವೆ ಸಾಲಾಗಿ ನಿಂತ ನಿಲುಗಂಬಗಳು. ನಿಲುಗಂಬಗಳು ಸಾಮಾನ್ಯವಾಗಿ 100 ಮಿ.ಮೀ. ಅಗಲ, 50 ಮಿ.ಮೀ. ದಪ್ಪ, ಅಂದರೆ ಬಡಗಿಗಳು ಹೇಳುವ ನಾಲ್ಕು-ಎರಡರ ಅಳತೆ. ಕಂಬದ ಮಧ್ಯದಿಂದ ಮಧ್ಯಕ್ಕೆ 400 ಅಥವಾ 600 ಮಿ.ಮೀ. ಅಂತರವಿಟ್ಟರೆ 1200 ಮಿ.ಮೀ. ಅಗಲದ ಬೋರ್ಡಿನ ಎರಡೂ ಅಂಚುಗಳು ಕಂಬದ ಮೇಲೆಯೇ ಬಂದು ಕೂರುತ್ತವೆ. ಚೌಕಟ್ಟು ಗಾಳಿಗೆ ವಾಲದಂತೆ ಮೂಲೆಯಿಂದ ಮೂಲೆಗೆ ಓರೆಯಾಗಿ ಪಟ್ಟಿಗಳನ್ನು ಕೂರಿಸಬೇಕು. ಒಳಗಿನ ಜಿಪ್ಸಮ್ ಬೋರ್ಡೇ ಗೋಡೆಯನ್ನು ಹಿಡಿದು ನಿಲ್ಲಿಸುತ್ತದೆಂದು ಕೆಲವರು ಹೇಳುವುದುಂಟು, ಅದನ್ನು ನಂಬತಕ್ಕದ್ದಲ್ಲ. ರಚನೆಯ ಲೆಕ್ಕಕ್ಕೆ ಐ.ಎಸ್. 883 ಎಂಬ ಭಾರತೀಯ ಮಾನಕವಿದೆ. ಎಂಜಿನಿಯರರು ಅದರಂತೆ ಅಳತೆಗಳನ್ನು ನಿಗದಿಪಡಿಸಬೇಕು.

ಈ ಗೋಡೆಯ ತೂಕ ಚದರ ಮೀಟರಿಗೆ ಸುಮಾರು 40ರಿಂದ 50 ಕಿಲೋ. ಒಂಬತ್ತಿಂಚಿನ ಇಟ್ಟಿಗೆ ಗೋಡೆಯದು 400 ಕಿಲೋಗೂ ಹೆಚ್ಚು. ಇಳಿಜಾರಿನ ಸಡಿಲ ಮಣ್ಣಿನ ಮೇಲೆ ಈ ವ್ಯತ್ಯಾಸಕ್ಕೆ ಬಹಳ ಬೆಲೆಯಿದೆ. ಹಾಗೆಂದು ಹಗುರವಾದ ಕೋಣೆಯನ್ನು ಹಳೆಯ ಮನೆಗೆ ಬಿಗಿಯಾಗಿ ಜೋಡಿಸಬಾರದು. ಹಳೆಯ ಪಾಯ ಕುಳಿತು ಗಟ್ಟಿಯಾಗಿದೆ, ಹೊಸದು ಇನ್ನೂ ಕೂರಬೇಕು. ಎರಡರ ನಡುವೆ ಸಣ್ಣ ಸಂದು ಬಿಟ್ಟು, ಅದನ್ನು ಹಿಗ್ಗಿ ಕುಗ್ಗುವ ಸೀಲಂಟಿನಿಂದ ತುಂಬಿ, ಮೇಲೆ ಪಟ್ಟಿ ಮುಚ್ಚುವುದು ಸರಿಯಾದ ಕ್ರಮ.

ಮರದ ಬಗ್ಗೆ ಎರಡು ಮಾತು. ಸಿಲ್ವರ್ ಓಕ್ ಸುಲಭವಾಗಿ ಸಿಗುತ್ತದೆ. ಕರ್ನಾಟಕ ವೃಕ್ಷ ಸಂರಕ್ಷಣಾ ಅಧಿನಿಯಮ, 1976ರ ಅಡಿ ಕಡಿತಲೆಗೆ ಪೂರ್ವಾನುಮತಿಯ ವಿನಾಯಿತಿ ಇರುವ ಮರಗಳ ಸಾಲಿನಲ್ಲಿ ಅದೂ ಸೇರಿದೆ. ಆದರೆ ಗೆದ್ದಲಿಗೂ ಬೂಷ್ಟಿಗೂ ಅದು ಬೇಗ ತುತ್ತಾಗುತ್ತದೆ. ನಿಲುಗಂಬಗಳಿಗೆ ಅದನ್ನು ಬಳಸುವುದಾದರೆ ಸಂರಕ್ಷಕ ದ್ರಾವಣದ ಉಪಚಾರ ಕಡ್ಡಾಯವಾಗಿ ಆಗಬೇಕು (ಐ.ಎಸ್. 401). ತಳಪಟ್ಟಿಗೆ ಮಾತ್ರ ತೇಗ, ಹೊನ್ನೆ ಅಥವಾ ಬಲಿತ ಹಲಸಿನ ಕೆಚ್ಚನ್ನೇ ಬಳಸಬೇಕು. ನಾನು ತಳಪಟ್ಟಿಗೂ ಸಿಲ್ವರ್ ಓಕನ್ನೇ ಹಾಕಿಸಿದ್ದೆ. ಇದು ಮೊದಲನೆಯ ತಪ್ಪು.

ಹಸಿಮರವನ್ನು ಬೋರ್ಡಿನೊಳಗೆ ಮುಚ್ಚಬಾರದು. ಕಡಿದ ಮರ ಒಣಗಿ ಅದರ ತೇವಾಂಶ ಶೇಕಡಾ 15ರ ಆಸುಪಾಸಿಗೆ ಇಳಿದಿರಬೇಕು. ತೇವಾಂಶ ಶೇಕಡಾ 20ನ್ನು ದಾಟಿ ಬಹುಕಾಲ ಉಳಿದರೆ ಕೊಳೆಸುವ ಶಿಲೀಂಧ್ರಕ್ಕೆ ಅವಕಾಶವಾಗುತ್ತದೆ. ಎರಡು ಸೂಜಿಗಳಿರುವ ತೇವಮಾಪಕವು ಹೆಚ್ಚು ಬೆಲೆಯ ಉಪಕರಣವಲ್ಲ. ಪಂಚಾಯಿತಿಯಲ್ಲಿ ಒಂದನ್ನು ಇಟ್ಟುಕೊಂಡರೆ ಹತ್ತಾರು ಮನೆಗಳಿಗೆ ಉಪಯೋಗವಾಗುತ್ತದೆ.

ಉಷ್ಣನಿರೋಧಕ ಪದರ ಏಕೆ ಬೇಕು

ಎರಡು ಬೋರ್ಡುಗಳ ನಡುವಿನ ಜಾಗವನ್ನು ಖಾಲಿ ಬಿಟ್ಟರೂ ಆದೀತು, ಒಳಗಿನ ಗಾಳಿಯೇ ಶಾಖವನ್ನು ತಡೆಯುತ್ತದೆ ಎಂಬ ವಾದವನ್ನು ಗುತ್ತಿಗೆದಾರರಿಂದ ಕೇಳುತ್ತೇವೆ. ಲೆಕ್ಕ ಹಾಕಿ ನೋಡೋಣ. ಗೋಡೆಯ ಒಳಗೂ ಹೊರಗೂ 1 ಡಿಗ್ರಿ ವ್ಯತ್ಯಾಸವಿದ್ದಾಗ ಒಂದು ಚದರ ಮೀಟರಿನ ಮೂಲಕ ಎಷ್ಟು ವಾಟ್ ಶಾಖ ಹಾಯುತ್ತದೆ ಎಂಬುದು ಅಳತೆಗೋಲು. ಗಿಲಾವು ಮಾಡಿದ ಒಂಬತ್ತಿಂಚಿನ ಇಟ್ಟಿಗೆ ಗೋಡೆಗೆ ಇದು ಸುಮಾರು 2. ಖಾಲಿ ಬಿಟ್ಟ ಬೋರ್ಡ್ ಗೋಡೆಗೂ ಸುಮಾರು 2, ಅಥವಾ ತುಸು ಹೆಚ್ಚೇ. ಅದೇ ಜಾಗದಲ್ಲಿ 100 ಮಿ.ಮೀ. ದಪ್ಪದ ರಾಕ್‌ವೂಲ್ ತುಂಬಿದರೆ, ನಡುವಿನ ಮರದ ಕಂಬಗಳ ಮೂಲಕ ಹಾಯುವ ಶಾಖವನ್ನೂ ಸೇರಿಸಿ, 0.45ರ ಸುಮಾರಿಗೆ ಇಳಿಯುತ್ತದೆ. ಹತ್ತು ಅಡಿ ಉದ್ದ, ಎಂಟು ಅಡಿ ಎತ್ತರದ ಒಂದು ಗೋಡೆಯನ್ನು ತೆಗೆದುಕೊಂಡರೆ, 10 ಡಿಗ್ರಿ ವ್ಯತ್ಯಾಸದಲ್ಲಿ ಖಾಲಿ ಗೋಡೆಯಿಂದ ಸುಮಾರು 150 ವಾಟ್ ಸೋರುವಲ್ಲಿ ತುಂಬಿದ ಗೋಡೆಯಿಂದ ಸೋರುವುದು 33 ವಾಟ್ ಮಾತ್ರ.

ಇನ್ನೂ ಒಂದು ಸಂಗತಿಯಿದೆ. ಇಟ್ಟಿಗೆ ಹಾಗೂ ಮಣ್ಣಿನ ಗೋಡೆಗಳು ಹಗಲಿನ ಶಾಖವನ್ನು ಹೀರಿಟ್ಟುಕೊಂಡು ನಿಧಾನವಾಗಿ ಬಿಡುತ್ತವೆ. ಬೋರ್ಡ್ ಗೋಡೆಗೆ ಆ ಗುಣವಿಲ್ಲ. ಆದ್ದರಿಂದ ಅದನ್ನು ಖಾಲಿ ಬಿಟ್ಟರೆ ಮಧ್ಯಾಹ್ನ ಬಿಸಿ, ಬೆಳಗಿನ ಜಾವ ಥಂಡಿ ಎರಡನ್ನೂ ಅನುಭವಿಸಬೇಕಾಗುತ್ತದೆ. ಇದೇ ಕಾರಣದಿಂದ ಬಯಲುಸೀಮೆಯಲ್ಲಿ ಈ ಪದ್ಧತಿಯನ್ನು ನಾನು ಶಿಫಾರಸು ಮಾಡಲಾರೆ. ಕಲಬುರಗಿ, ರಾಯಚೂರಿನ ಬೇಸಿಗೆಗೆ ದಪ್ಪ ಗೋಡೆಯೇ ಒಳ್ಳೆಯದು. ಎಲ್ಲಿಯೇ ಆಗಲಿ, ಒಂದಂತಸ್ತಿನ ಕೋಣೆಗೆ ಹೆಚ್ಚು ಬಿಸಿಲು ಬೀಳುವುದು ಮಾಡಿಗೆ. ತಗಡಿನ ಮಾಡನ್ನು ಬರಿದಾಗಿ ಬಿಟ್ಟು ಗೋಡೆಗೆ ಮಾತ್ರ ಹಣ ಸುರಿಯುವುದು ವ್ಯರ್ಥ. ಹಣ ಸಾಲದಿದ್ದರೆ ಮೊದಲು ಮಾಡಿನ ಕೆಳಗೆ ನಿರೋಧಕ ಹಾಕಿಸಿ, ಗೋಡೆಯದನ್ನು ಆಮೇಲೆ ನೋಡಬಹುದು ಎಂದು ಅರ್ಜಿದಾರರಿಗೆ ತಿಳಿಸಬಹುದು. ತಗಡಿನ ಮೇಲೆ ಬೀಳುವ ಜಡಿಮಳೆಯ ಸದ್ದೂ ಇದರಿಂದ ತಗ್ಗುತ್ತದೆ.

ಯಾವ ಪದಾರ್ಥ

ರಾಕ್‌ವೂಲ್ ಮತ್ತು ಗ್ಲಾಸ್‌ವೂಲ್ ಬೆಂಕಿಗೆ ಉರಿಯುವುದಿಲ್ಲ. ಇವುಗಳಲ್ಲಿ ರಾಕ್‌ವೂಲ್ ಚಪ್ಪಡಿಗಳು ಹೆಚ್ಚು ಬಿರುಸಾಗಿದ್ದು ಕಂಬಗಳ ನಡುವೆ ತಾವಾಗಿಯೇ ನಿಲ್ಲುತ್ತವೆ. ಖರೀದಿಸುವಾಗ ಐ.ಎಸ್. 8183 ಗುರುತನ್ನು ಕೇಳಬೇಕು. ಥರ್ಮೊಕೋಲ್ ಅಗ್ಗವಾಗಿ ಸಿಗುತ್ತದೆ, ಶಾಖವನ್ನೂ ಚೆನ್ನಾಗಿ ತಡೆಯುತ್ತದೆ. ಆದರೆ ಬೆಂಕಿ ತಗುಲಿದರೆ ಕರಗಿ ಉರಿದು ವಿಷದ ಹೊಗೆ ಕಕ್ಕುತ್ತದೆ. ಮಲಗುವ ಕೋಣೆಯ ಗೋಡೆಗೆ, ಅದರಲ್ಲೂ ಒಳಗೆ ವಿದ್ಯುತ್ ತಂತಿ ಹಾಯುವಲ್ಲಿ, ಅದು ಬೇಡವೆಂಬುದು ನನ್ನ ಖಚಿತ ಅಭಿಪ್ರಾಯ.

ಭತ್ತದ ಹೊಟ್ಟು, ತೆಂಗಿನ ನಾರಿನ ಚಾಪೆಗಳ ಬಗ್ಗೆ ಸದಸ್ಯರು ಆಗಾಗ ಕೇಳುತ್ತಾರೆ. ಎರಡೂ ಶಾಖವನ್ನು ತಕ್ಕಮಟ್ಟಿಗೆ ತಡೆಯುತ್ತವೆ. ಹೊಟ್ಟಿನಲ್ಲಿ ಸಿಲಿಕಾ ಹೆಚ್ಚಿರುವುದರಿಂದ ಅದು ಬೇಗ ಕೊಳೆಯುವುದಿಲ್ಲ. ತೊಂದರೆಯೇನೆಂದರೆ ಅದು ಕಾಲಕ್ರಮದಲ್ಲಿ ಕೆಳಗೆ ಕುಸಿದು ಮೇಲ್ಭಾಗದಲ್ಲಿ ಟೊಳ್ಳು ಬೀಳುತ್ತದೆ, ಇಲಿಗಳಿಗೆ ಅರಮನೆಯಾಗುತ್ತದೆ, ಕಿಡಿ ಹತ್ತಿದರೆ ಹೊರಗೆ ಕಾಣದಂತೆ ಒಳಗೊಳಗೇ ಕನಲುತ್ತದೆ. ದನದ ಕೊಟ್ಟಿಗೆಯ ಪಕ್ಕದ ಉಗ್ರಾಣಕ್ಕಾದರೆ ಪ್ರಯತ್ನಿಸಬಹುದು. ಯಾವ ಪದಾರ್ಥವಾದರೂ ಗೋಡೆಯ ಕೆಳ ಹಾಗೂ ಮೇಲ್ತುದಿಗಳಲ್ಲಿ ಸಣ್ಣ ಕಣ್ಣಿನ ಉಕ್ಕಿನ ಜಾಲರಿ ಇಲ್ಲದಿದ್ದರೆ ಇಲಿ ಬರುತ್ತದೆ, ಇಲಿಯ ಹಿಂದೆ ಹಾವು ಬರುತ್ತದೆ.

ರಾಕ್‌ವೂಲ್ ಚಪ್ಪಡಿಯನ್ನು ಕಂಬಗಳ ನಡುವಿನ ಅಳತೆಗಿಂತ 5ರಿಂದ 10 ಮಿ.ಮೀ. ಅಗಲವಾಗಿ ಕತ್ತರಿಸಿ ಮೆಲ್ಲನೆ ಒತ್ತಿ ಕೂರಿಸಬೇಕು. 100 ಮಿ.ಮೀ. ದಪ್ಪದ್ದನ್ನು 50 ಮಿ.ಮೀ. ಜಾಗಕ್ಕೆ ತುರುಕಿದರೆ ಅದರ ಶಕ್ತಿ ಹೆಚ್ಚುಕಡಿಮೆ ಅರ್ಧಕ್ಕಿಳಿಯುತ್ತದೆ. ಕಿಟಕಿ ಚೌಕಟ್ಟಿನ ಸುತ್ತ, ಸ್ವಿಚ್ ಪೆಟ್ಟಿಗೆಯ ಹಿಂದೆ ಸಂದು ಉಳಿಯಬಾರದು. ಕೆಲಸಗಾರರಿಗೆ ಮುಖಗವಸು, ಕೈಗವಸು, ಕನ್ನಡಕಗಳನ್ನು ಮಾಲೀಕರೇ ಒದಗಿಸಬೇಕು. ಆ ಎಳೆಗಳ ತುರಿಕೆ ಒಂದು ಸ್ನಾನಕ್ಕೆ ಹೋಗುವಂಥದ್ದಲ್ಲ.

ಆವಿ ಮತ್ತು ಮಳೆ: ಈ ಪಾಠದ ಮುಖ್ಯ ಭಾಗ

ಯುರೋಪಿನ ಕೈಪಿಡಿಗಳಲ್ಲಿ ಉಣ್ಣೆಯ ಪದರದ ಒಳಬದಿಗೆ, ಅಂದರೆ ಕೋಣೆಯ ಕಡೆಗೆ, ಪಾಲಿಥೀನ್ ಹಾಳೆಯನ್ನು ಹೊದಿಸಬೇಕೆಂದು ಬರೆದಿರುತ್ತದೆ. ಅಲ್ಲಿಗೆ ಅದು ಸರಿ. ಅಲ್ಲಿ ಚಳಿಗಾಲದಲ್ಲಿ ಹೊರಗೆ ಸೊನ್ನೆ ಡಿಗ್ರಿ, ಒಳಗೆ 20 ಡಿಗ್ರಿ. ಕೋಣೆಯ ಬೆಚ್ಚಗಿನ ಆವಿ ಗೋಡೆಯೊಳಗೆ ನುಗ್ಗಿ, ಹೊರಬದಿಯ ತಣ್ಣನೆಯ ಹಲಗೆಗೆ ತಾಗಿ ನೀರಾಗುತ್ತದೆ. ಅದನ್ನು ತಡೆಯಲು ಒಳಬದಿಯಲ್ಲೇ ಹಾಳೆ.

ನಮ್ಮಲ್ಲಿ ಚಳಿಗಾಲದ ರಾತ್ರಿಯೂ ಅಷ್ಟು ತಣ್ಣಗಾಗುವುದಿಲ್ಲ. ನಮ್ಮ ಶತ್ರು ಬೇರೆ. ಜೂನಿನಿಂದ ಸೆಪ್ಟೆಂಬರಿನವರೆಗೆ ಹೊರಗಿನ ಗಾಳಿಯೇ ತೇವದಿಂದ ತುಂಬಿರುತ್ತದೆ, ಎರಚಲು ಗೋಡೆಗೆ ರಾಚುತ್ತಲೇ ಇರುತ್ತದೆ. ಯಾವ ಬೋರ್ಡಿನ ಯಾವ ಸ್ಕ್ರೂ ರಂಧ್ರದಿಂದಲಾದರೂ ಹನಿ ಒಳಗಿಳಿದೇ ಇಳಿಯುತ್ತದೆ. ಇಳಿದ ನೀರು ಒಣಗಲು ಒಂದು ದಾರಿ ಬೇಕು. ಒಳಬದಿಗೆ ಪಾಲಿಥೀನ್, ಹೊರಬದಿಗೆ ಎಣ್ಣೆಬಣ್ಣ ಬಳಿದ ಸಿಮೆಂಟ್ ಫೈಬರ್ ಬೋರ್ಡ್ ಇದ್ದರೆ ಆ ದಾರಿ ಎರಡೂ ಕಡೆ ಮುಚ್ಚಿಹೋಗುತ್ತದೆ. ಮಾವನ ಮನೆಯಲ್ಲಿ ನಾನು ಮಾಡಿದ್ದು ಇದನ್ನೇ. ಬೋರ್ಡ್ ಕಳಚಿದ ದಿನ ಪಾಲಿಥೀನಿನ ಹಿಂದೆ ನೀರು ಬೆವರಿನಂತೆ ನಿಂತಿತ್ತು. ಮಳೆ ನಿಂತು ವಾರಗಳೇ ಕಳೆದಿದ್ದವು. ಅತ್ತೆ ನೋಡಿ, "ಹುಳಿ ಬರಲಿ ಅಂತ ಮುಚ್ಚಿಟ್ಟ ಹಿಟ್ಟಿನ ಹಾಗಾಗಿದೆಯಲ್ಲೋ" ಎಂದರು. ಎಂಜಿನಿಯರಿಂಗ್ ಭಾಷೆಯಲ್ಲಿ ಇದಕ್ಕಿಂತ ಚೆನ್ನಾಗಿ ನಾನು ವಿವರಿಸಲಾರೆ.

ಹವಾನಿಯಂತ್ರಣ ಯಂತ್ರವಿರುವ ಅತಿಥಿ ಕೋಣೆಗಳಲ್ಲಿ ಅಪಾಯ ಇನ್ನೂ ಹೆಚ್ಚು. ಹೊರಗೆ 28 ಡಿಗ್ರಿ, ಆರ್ದ್ರತೆ ಶೇಕಡಾ 80 ಇದ್ದರೆ ಆ ಗಾಳಿಯಲ್ಲಿನ ಆವಿಯು ಸುಮಾರು 24 ಡಿಗ್ರಿಗೇ ನೀರಾಗುತ್ತದೆ. ಕೋಣೆಯನ್ನು 20 ಡಿಗ್ರಿಗೆ ತಂಪು ಮಾಡಿದರೆ ಒಳಬೋರ್ಡಿನ ಹಿಂದಿರುವ ಪಾಲಿಥೀನ್ ಹೆಚ್ಚುಕಡಿಮೆ ಅಷ್ಟೇ ತಣ್ಣಗಿರುತ್ತದೆ. ಹೊರಗಿನಿಂದ ಬಂದ ಆವಿ ಅದರ ಮೇಲೆ ದಿನವೂ ನೀರಾಗಿ ಕೂರುತ್ತದೆ, ಒಂದು ಹನಿ ಮಳೆ ಸೋರದಿದ್ದರೂ ಸಹ. ಇಂತಹ ಕೋಣೆಗೆ ಆವಿ ತಡೆಯುವ ಪದರ ಬೇಕಿದ್ದರೆ ಅದು ಉಣ್ಣೆಯ ಹೊರಬದಿಗಿರಬೇಕು. ಯಂತ್ರವಿಲ್ಲದ ಸಾಮಾನ್ಯ ಕೋಣೆಗೆ ಪಾಲಿಥೀನ್ ಯಾವ ಬದಿಗೂ ಬೇಡ.

ಹಾಗಾದರೆ ಮಳೆಯನ್ನು ತಡೆಯುವುದು ಹೇಗೆ? ಉತ್ತರ ನಮ್ಮ ಅಜ್ಜಂದಿರಿಗೆ ಗೊತ್ತಿತ್ತು. ಮಳೆಗಾಲಕ್ಕೆ ಮುನ್ನ ಮಣ್ಣಿನ ಗೋಡೆಯ ಹೊರಗೆ ಅಡಿಕೆ ಸೋಗೆಯ ತಟ್ಟಿ ಕಟ್ಟುತ್ತಿದ್ದರು. ಎರಚಲಿನ ಪೆಟ್ಟು ಸೋಗೆಗೆ. ಸೋಗೆಗೂ ಗೋಡೆಗೂ ನಡುವೆ ಗಾಳಿಯಾಡುತ್ತಿತ್ತು, ನೆನೆದದ್ದು ಒಣಗುತ್ತಿತ್ತು. ಇಂದಿನ ತಾಂತ್ರಿಕ ಪುಸ್ತಕಗಳು ಗಾಳಿಯಾಡುವ ಹೊರಹೊದಿಕೆ ಎಂದು ಬೋಧಿಸುವುದು ಇದೇ ತತ್ತ್ವವನ್ನು. ನಿಲುಗಂಬಗಳ ಹೊರಮುಖಕ್ಕೆ ಮೊದಲು ನೀರನ್ನು ತಡೆದು ಆವಿಯನ್ನು ಹೊರಬಿಡುವ ಪೊರೆಯನ್ನು ಹೊದಿಸಬೇಕು. ದೊಡ್ಡ ಊರುಗಳ ಅಂಗಡಿಗಳಲ್ಲಿ ಬ್ರೀದರ್ ಮೆಂಬ್ರೇನ್ ಎಂದು ಕೇಳಿದರೆ ಸಿಗುತ್ತದೆ. ಮೇಲಿನ ಹಾಳೆಯ ಅಂಚು ಕೆಳಗಿನದರ ಮೇಲೆ ಬರುವಂತೆ, ಹೆಂಚು ಹೊದಿಸಿದ ಹಾಗೆ, ಹಾಸಬೇಕು. ಅದರ ಮೇಲೆ ಕಂಬಗಳ ನೇರಕ್ಕೆ 25 ಮಿ.ಮೀ. ದಪ್ಪದ ರೀಪುಗಳನ್ನು ಲಂಬವಾಗಿ ಹೊಡೆದು, ರೀಪುಗಳ ಮೇಲೆ ಹೊರಗಿನ ಬೋರ್ಡ್ ಅಥವಾ ಹಲಗೆ ಕೂರಿಸಬೇಕು. ಈ 25 ಮಿ.ಮೀ. ಸಂದು ಕೆಳಗೂ ಸೂರಿನಡಿಗೂ ತೆರೆದಿರಬೇಕು, ಜಾಲರಿ ಮಾತ್ರ ಇರಬೇಕು. ಮೇಸ್ತ್ರಿಗಳು ಅಂದಕ್ಕೆಂದು ಈ ಬಾಯಿಗೆ ಸಿಮೆಂಟ್ ಮೆತ್ತುವುದನ್ನು ನೋಡಿದ್ದೇನೆ. ಮೆತ್ತಿದರೆ ಇಷ್ಟು ಹೊತ್ತು ಹೇಳಿದ್ದೆಲ್ಲ ನೀರಿನ ಮೇಲಿನ ಬರಹ.

ಸೂರು ಗೋಡೆಯಿಂದ ಕನಿಷ್ಠ ಎರಡೂವರೆ ಅಡಿ ಹೊರಚಾಚಿರಲಿ. ತಳಪಾಯವು ನೆಲಮಟ್ಟದಿಂದ 450 ಮಿ.ಮೀ. ಎತ್ತರವಿರಲಿ. ನಾನು ಖರ್ಚುಳಿಸಲು ಆರಿಂಚು ಮಾತ್ರ ಇಟ್ಟಿದ್ದೆ. ಸೂರಿನ ನೀರು ಅಂಗಳಕ್ಕೆ ಬಿದ್ದು ಸಿಡಿದು ನೇರವಾಗಿ ತಳಪಟ್ಟಿಗೆ ತಗಲುತ್ತಿತ್ತು. ತಳಪಟ್ಟಿ ಮತ್ತು ಕಾಂಕ್ರೀಟಿನ ನಡುವೆ ತೇವ ಏರದಂತೆ ಪದರ ಹಾಕಿ, ತಗಡಿನ ಪಟ್ಟಿಯನ್ನು ಎರಡೂ ಬದಿಗೆ ಚಾಚಿ ಕೆಳಕ್ಕೆ ಬಗ್ಗಿಸಬೇಕು. ಗೆದ್ದಲು ಅದನ್ನು ಸುತ್ತುವರಿದು ಬರಬೇಕಾದಾಗ ಅದರ ಮಣ್ಣಿನ ಸುರಂಗ ಕಣ್ಣಿಗೆ ಬೀಳುತ್ತದೆ. ಪಾಯ ತುಂಬುವ ಹಂತದಲ್ಲೇ ಐ.ಎಸ್. 6313ರಂತೆ ಗೆದ್ದಲು ನಿರೋಧಕ ಉಪಚಾರವನ್ನೂ ಮಾಡಿಸತಕ್ಕದ್ದು.

ಒಳಹೊದಿಕೆ

ಒಣಕೋಣೆಗೆ 12.5 ಮಿ.ಮೀ. ಜಿಪ್ಸಮ್ ಬೋರ್ಡ್ ಸಾಕು. ಅದರಲ್ಲಿ ಅಡಗಿರುವ ನೀರಿನಂಶದಿಂದಾಗಿ ಬೆಂಕಿಯನ್ನು ಅದು ಸ್ವಲ್ಪ ಹೊತ್ತು ತಡೆಹಿಡಿಯುತ್ತದೆ. ಮಲಗಿದ್ದವರು ಹೊರಬರಲು ಆ ಹೊತ್ತೇ ಮುಖ್ಯ. ಮಳೆಗಾಲದಲ್ಲಿ ಮನೆಯೊಳಗೂ ಶೀತ ಹಿಡಿಯುವ ಊರುಗಳಲ್ಲಿ 8 ಅಥವಾ 10 ಮಿ.ಮೀ. ಸಿಮೆಂಟ್ ಫೈಬರ್ ಬೋರ್ಡ್ ಒಳಗೂ ವಾಸಿ. ಕಲ್ನಾರು ಬೆರೆತ ಹಳೆಯ ಶೀಟುಗಳನ್ನು ಕತ್ತರಿಸಿ ಒಳಗೋಡೆಗೆ ಬಳಸುವುದು ಸರ್ವಥಾ ಕೂಡದು, ಅದರ ಧೂಳು ಶ್ವಾಸಕೋಶಕ್ಕೆ ಮಾರಕ. ಬೋರ್ಡ್ ಕೂರಿಸಲು ಮೊಳೆ ಬೇಡ, ಸ್ಕ್ರೂ ಬಳಸಬೇಕು. ಮರ ಒಣಗಿ ಕುಗ್ಗಿದಾಗ ಮೊಳೆಯ ತಲೆ ಹೊರಬರುತ್ತದೆ. ಬೋರ್ಡಿನ ಕೆಳ ಅಂಚು ನೆಲದಿಂದ 10 ಮಿ.ಮೀ. ಮೇಲಿರಲಿ, ನೆಲ ಒರೆಸಿದ ನೀರನ್ನು ಅದು ಹೀರಬಾರದು. ಗೋಡೆಗೆ ಗಾಳಿ ಬಿಡುವ ಬಣ್ಣ, ಉದಾಹರಣೆಗೆ ಸುಣ್ಣ ಅಥವಾ ಸಾಧಾರಣ ಡಿಸ್ಟೆಂಪರ್, ಎಣ್ಣೆಬಣ್ಣಕ್ಕಿಂತ ಮೇಲು.

ಬೋರ್ಡ್ ಮುಚ್ಚುವ ಮುನ್ನ ತಂತಿಗಳೆಲ್ಲ ಪೈಪಿನೊಳಗೆ ಬಂದಿರಬೇಕು. ಕಪಾಟು, ಟಿ.ವಿ., ಹಿರಿಯರು ಹಿಡಿದು ಏಳುವ ಕೈಪಟ್ಟಿ ಎಲ್ಲಿ ಬರುತ್ತದೋ ಅಲ್ಲಿ ಕಂಬಗಳ ನಡುವೆ ಅಡ್ಡಪಟ್ಟಿ ಕೂರಿಸಿರಬೇಕು, ಬರಿಯ ಬೋರ್ಡಿಗೆ ಸಿಕ್ಕಿಸಿದ ಕೈಪಟ್ಟಿ ಆಧಾರವಲ್ಲ, ಅಪಾಯ. ತೆರೆದ ಗೋಡೆಯ ಫೋಟೋಗಳನ್ನು ಅಳತೆಪಟ್ಟಿ ಹಿಡಿದು ತೆಗೆದಿಟ್ಟರೆ ಹತ್ತು ವರ್ಷದ ಮೇಲೂ ಮೊಳೆ ಹೊಡೆಯುವವರಿಗೆ ತಂತಿ ಎಲ್ಲಿದೆಯೆಂದು ತಿಳಿಯುತ್ತದೆ. ಬಚ್ಚಲುಮನೆ ಹಾಗೂ ಸೌದೆ ಒಲೆಯ ಗೋಡೆಗಳನ್ನು ಈ ಪದ್ಧತಿಯಲ್ಲಿ ಮಾಡದೆ ಕಲ್ಲು, ಇಟ್ಟಿಗೆ ಅಥವಾ ಬ್ಲಾಕಿನಲ್ಲಿಯೇ ಕಟ್ಟಿಸುವುದು ಕ್ಷೇಮ.

ಸದಸ್ಯರು ಮಾಡಬಹುದಾದದ್ದು

ಕರ್ನಾಟಕ ಗ್ರಾಮ ಸ್ವರಾಜ್ ಮತ್ತು ಪಂಚಾಯತ್ ರಾಜ್ ಅಧಿನಿಯಮ, 1993ರ ಪ್ರಕರಣ 64ರ ಮೇರೆಗೆ ಕಟ್ಟಡ ನಿರ್ಮಾಣಕ್ಕೆ ಅನುಮತಿ ನೀಡುವುದು ಗ್ರಾಮ ಪಂಚಾಯಿತಿಯ ಅಧಿಕಾರ. ಇರುವ ಮನೆಗೆ ಕೋಣೆ ಸೇರಿಸುವಾಗ ಅನುಮತಿ ಬೇಕಿಲ್ಲವೆಂಬ ತಪ್ಪು ತಿಳಿವಳಿಕೆ ಜನರಲ್ಲಿದೆ; ವಾರ್ಡಿನ ಸದಸ್ಯರು ಅದನ್ನು ನಿವಾರಿಸಬೇಕು. ಅರ್ಜಿಯೊಡನೆ ಬರುವ ನಕ್ಷೆಯಲ್ಲಿ ಬರಿಯ ಉದ್ದ ಅಗಲಗಳಿರುತ್ತವೆ. ಮರದ ಚೌಕಟ್ಟಿನ ಗೋಡೆಯಾಗಿದ್ದರೆ ಗೋಡೆಯ ಅಡ್ಡಕೊಯ್ತದ ಒಂದು ಚಿತ್ರವನ್ನೂ ಕೇಳಿ ಪಡೆಯಿರಿ: ಹೊರಗಿನಿಂದ ಒಳಕ್ಕೆ ಯಾವ ಪದರದ ನಂತರ ಯಾವುದು, ತಳಪಾಯದ ಎತ್ತರ ಎಷ್ಟು, ಸೂರಿನ ಚಾಚು ಎಷ್ಟು. ಒಂದು ಹಾಳೆಯ ಕೆಲಸವಿದು. ಪಾಲಿಥೀನ್ ಎಂಬ ಪದ ಅದರಲ್ಲಿ ಕಂಡರೆ ಎಲ್ಲಿ, ಏಕೆ ಎಂದು ಪ್ರಶ್ನಿಸಿ.

ಕೆಲಸ ನಡೆಯುವಾಗ ಒಮ್ಮೆಯಾದರೂ ಸ್ಥಳಕ್ಕೆ ಹೋಗುವುದಾದರೆ ಒಳಬೋರ್ಡ್ ಮುಚ್ಚುವ ಹಿಂದಿನ ದಿನ ಹೋಗಿ. ಆ ದಿನ ಎಲ್ಲವೂ ಕಾಣುತ್ತದೆ. ಮರುದಿನ ಏನೂ ಕಾಣುವುದಿಲ್ಲ. ಕಟ್ಟಿಯಾದ ಮನೆಗಳಲ್ಲಿ ಸಂಶಯವಿದ್ದರೆ ಮಳೆಗಾಲ ಮುಗಿದ ಮೇಲೆ ತಳಪಟ್ಟಿಗೆ ಸ್ಕ್ರೂಡ್ರೈವರಿನ ತುದಿಯನ್ನು ಒತ್ತಿ ನೋಡಬಹುದು. ಗಟ್ಟಿಮರಕ್ಕೆ ಅದು ಇಳಿಯುವುದಿಲ್ಲ. ಬೆಣ್ಣೆಗೆ ಇಳಿದಂತೆ ಇಳಿದರೆ ಮಾಡಿಗೆ ಕೂಡಲೇ ಊರೆಗೋಲು ಕೊಟ್ಟು, ಅಲ್ಲಿ ಮಲಗುವವರನ್ನು ಬೇರೆ ಕೋಣೆಗೆ ಸ್ಥಳಾಂತರಿಸಲು ತಿಳಿಸಬೇಕು.

ಮಾವನ ಮನೆಯ ಗೋಡೆಯನ್ನು ಪಾಯದಿಂದಲೇ ಮೇಲೆತ್ತಿ, ಹಲಸಿನ ತಳಪಟ್ಟಿಯಿಟ್ಟು, ಹೊರಗೆ ಗಾಳಿಸಂದು ಬಿಟ್ಟು ಮತ್ತೆ ಕಟ್ಟಿದೆವು. ಅಜ್ಜಿ ಆ ಹೊತ್ತಿಗೆ ಜಗಲಿಯ ಕೋಣೆಗೆ ಒಗ್ಗಿಹೋಗಿದ್ದರು, ಹಿಂದಿರುಗಲು ಒಪ್ಪಲಿಲ್ಲ. ಈಗ ಅಲ್ಲಿ ಮಾವನ ಮೊಮ್ಮಕ್ಕಳು ಓದಿಕೊಳ್ಳುತ್ತಾರೆ. ಪ್ರತಿ ವರ್ಷ ಶ್ರಾವಣ ಕಳೆದ ಮೇಲೆ ಹೋಗಿ, ಕೆಳ ಅಂಚಿನಲ್ಲಿ ಬಿಟ್ಟಿರುವ ಸಣ್ಣ ಕಿಂಡಿಯಿಂದ ತೇವಮಾಪಕದ ಸೂಜಿ ಚುಚ್ಚಿ ನೋಡಿ ಬರುತ್ತೇನೆ. ಕಳೆದ ಬಾರಿ ಶೇಕಡಾ 16 ಇತ್ತು.